ಪಂಜರದ ಗಿಳಿಯೂ ಪಾರ್ಲಿಮೆಂಟಿನ ಮುದ್ರೆಯೂ

ಕಿರಿಮಂಜೇಶ್ವರದ ನಮ್ಮ ಮನೆಯ ತೆಂಕಣ ಬೇಲಿಯಾಚೆಗೆ, ಕಡಲಿಗೆ ಮುಖಮಾಡಿ ನಿಂತ ಹೆಂಚಿನ ಮನೆಯೊಂದರ ಜಗಲಿಯಲ್ಲಿ ಒಂದು ಗಿಳಿಯಿದೆ. ತೆಂಗಿನ ಪೊಟರೆಯಿಂದ ಇಣುಕುವ ನಮ್ಮ ಹಸುರು ಗಿಳಿಯಲ್ಲ. ವಿಭೂತಿ ಬಳಿದುಕೊಂಡ ಸನ್ಯಾಸಿಯಂಥ ಮೈ. ಆ ಸನ್ಯಾಸಕ್ಕೆ ಸ್ವಲ್ಪವೂ ಒಪ್ಪದ ಕೆಂಪು ಬಾಲ. ಎದುರಿಗೆ ನಿಂತವರ ಯೋಗ್ಯತೆಯನ್ನು ಅಳೆಯುವಂತೆ ಒಂದೇ ಪಕ್ಕದಿಂದ ನೋಡುವ ಹಳದಿ ಕಣ್ಣು. ಆಫ್ರಿಕದ ಬೂದು ಗಿಳಿ ಎಂದು ಅದರ ಜಾತಿ. ಮನೆಯವರಿಟ್ಟ ಹೆಸರು ರಾಮ.

ಈ ರಾಮನಿಗೆ ನಮ್ಮೂರ ಭಾಷೆ ಬರುತ್ತದೆ. ಆದರೆ ಅವನ ಮೊದಲ ಭಾಷೆ ಮುಂಬಯಿಯದು. ಮನೆಯ ಯಜಮಾನರು ಮುಂಬಯಿಯ ಉಪನಗರವೊಂದರಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಕುಂದಾಪುರ ಸೀಮೆಯ ಎಷ್ಟು ಮನೆಗಳ ಹೆಂಚು ಮುಂಬಯಿಯ ಇಡ್ಲಿಯ ಹಬೆಯಲ್ಲಿ ಬೆಂದದ್ದು ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಲ್ಲೆಯ ಪಕ್ಕದಲ್ಲಿ ಈ ಗಿಳಿಯ ಪಂಜರ ತೂಗುತ್ತಿತ್ತಂತೆ. ಯಜಮಾನರು ಹೋಟೆಲನ್ನು ಮಾರಿ ಊರಿಗೆ ಮರಳುವಾಗ ಪಾತ್ರೆಗಳನ್ನು ಬಿಟ್ಟುಬಂದರು, ಗಿಳಿಯನ್ನು ಬಿಡಲಿಲ್ಲ. ಬಂದ ನಾಲ್ಕನೆಯ ವರ್ಷದಲ್ಲಿ ಅವರು ತೀರಿಕೊಂಡರು. ಆದರೆ ಇಂದಿಗೂ ಮಧ್ಯಾಹ್ನ ಮೂರರ ಹೊತ್ತಿಗೆ, ತೆಂಗಿನ ಗರಿಯೂ ಅಲುಗದ ಆ ಸ್ತಬ್ಧದಲ್ಲಿ, ಬೇಲಿಯಾಚೆಯಿಂದ ಅವರದೇ ಒಡಕು ಕಂಠದಲ್ಲಿ, “ದೋ ಕಟಿಂಗ್! ಏಕ್ ಇಡ್ಲಿ ವಡಾ!” ಎಂಬ ಆಜ್ಞೆ ಹೊರಡುತ್ತದೆ. ಹೊಸಬರು ಬೆಚ್ಚುತ್ತಾರೆ. ಅವರ ಹೆಂಡತಿ ಮಾತ್ರ ಒಳಗಿನಿಂದಲೇ, “ಬಂತು, ಬಂತು” ಎನ್ನುತ್ತಾರೆ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು.

2024ರ ಆಗಸ್ಟ್ ತಿಂಗಳ ಒಂದು ಸಂಜೆ, ಮಳೆ ಸ್ವಲ್ಪ ಹೊಳವಾದಾಗ, ಅಕ್ಕ ಸೆರಗಿನೊಳಗೆ ಒಂದು ಕಾಗದವನ್ನು ಮುಚ್ಚಿಕೊಂಡು ನಮ್ಮ ಜಗಲಿ ಏರಿದರು. ಮುಂಬಯಿಯಲ್ಲಿರುವ ಅವರ ತಮ್ಮನ ಮಗ ಕಳುಹಿಸಿದ್ದ ಸಂದೇಶವನ್ನು ಯಾರೋ ಹುಡುಗರು ಅಚ್ಚು ತೆಗೆದುಕೊಟ್ಟಿದ್ದರು.

“ಮಾಸ್ಟ್ರೆ, ಇದ್ರಗೆ ಎಂತ ಬರ್ದಿತ್ತ್ ಒಂಚೂರ್ ಕಾಣಿ. ಗಿಳಿಗೂ ರಿಜಿಸ್ಟರ್ ಮಾಡ್ಸ್ಕ್ ಅಂಬ್ರಲೆ? ಮಾಡ್ಸದಿದ್ರೆ ಕೊಂಡ್ಹೋತ್ರಾ?”

ಕಾಗದದಲ್ಲಿ ಬರೆದದ್ದು ಇಷ್ಟು: ಕೇಂದ್ರ ಸರಕಾರ 2024ರ ಫೆಬ್ರವರಿ 28ರಂದು ಹೊರಡಿಸಿದ ನಿಯಮಗಳ ಪ್ರಕಾರ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಜೀವಂತ ಪ್ರಾಣಿಯನ್ನು ಸಾಕಿಕೊಂಡಿರುವವರು ಆರು ತಿಂಗಳೊಳಗೆ ಅದನ್ನು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು, ಮುಂದೆ ಅದು ಮರಿ ಹಾಕಿದರೂ, ಸತ್ತರೂ, ಕೈಬದಲಾದರೂ ತಿಳಿಸಬೇಕು. ಗಡುವು ಮುಗಿಯಲು ಹತ್ತು ದಿನವೂ ಉಳಿದಿರಲಿಲ್ಲ. ಸೋದರಳಿಯನ ಸಲಹೆಯೂ ಕೊನೆಯಲ್ಲಿತ್ತು: ಈ ತಾಪತ್ರಯವೇ ಬೇಡ, ಪಂಜರದ ಬಾಗಿಲು ತೆರೆದು ಬಿಟ್ಟುಬಿಡಿ.

“ಡೆಲ್ಲಿಯಗೆ ಕೂಕಂಡ್ ನಮ್ಮನಿ ಗಿಳಿ ಲೆಕ್ಕ ಅವ್ರಿಗೆಂತಕ್ಕೆ?” ಎಂದರು ಅಕ್ಕ.

ಪ್ರಶ್ನೆ ಸಣ್ಣದಲ್ಲ. ಮೂವತ್ತನಾಲ್ಕು ವರ್ಷ ಹಳ್ಳಿಯ ಶಾಲೆಗಳಲ್ಲಿ ಸಮಾಜ ಪಾಠವನ್ನು ಹೇಳಿದವನು ನಾನು. ಪೌರನೀತಿಯ ಪಾಠಕ್ಕೆ ಬಂದಾಗ ಕರಿಹಲಗೆಯ ಮೇಲೆ, “ಪಾರ್ಲಿಮೆಂಟು ಶಾಸನಗಳನ್ನು ಮಾಡುತ್ತದೆ, ವಿದೇಶಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ಅನುಮೋದಿಸುತ್ತದೆ” ಎಂದು ದುಂಡಗೆ ಬರೆಯುತ್ತಿದ್ದೆ. ಅದೇ ಧೈರ್ಯದಿಂದ ಅಕ್ಕನಿಗೂ ಉತ್ತರ ಹೇಳಲು ಹೊರಟೆ. ಹೇಳುವ ಮೊದಲು ಪುಸ್ತಕ ತೆರೆದು ನೋಡಿಕೊಳ್ಳೋಣವೆಂಬ ಬುದ್ಧಿ ಹೇಗೋ ಬಂತು. ನೋಡಿದರೆ, ನಾನು ಮೂವತ್ತನಾಲ್ಕು ವರ್ಷ ಕಲಿಸಿದ ಆ ವಾಕ್ಯದ ಉತ್ತರಾರ್ಧವೇ ತಪ್ಪು! ನನ್ನ ಶಿಷ್ಯರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯಮಾಡಿ ಟಿಪ್ಪಣಿ ಪುಸ್ತಕವನ್ನು ತಿದ್ದಿಕೊಳ್ಳಬೇಕು.

ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್ಟಿನ ಮೂರನೆಯ ಎರಡರಷ್ಟು ಸದಸ್ಯರ ಸಮ್ಮತಿ ಬೇಕು. ಇಂಗ್ಲೆಂಡಿನಲ್ಲಿ 2010ರ ಶಾಸನದ ಪ್ರಕಾರ ಒಪ್ಪಂದದ ಪ್ರತಿಯನ್ನು ಪಾರ್ಲಿಮೆಂಟಿನ ಮುಂದೆ 21 ಅಧಿವೇಶನ ದಿನ ಇಡಬೇಕು. ನಮ್ಮಲ್ಲಿ ಹಾಗಿಲ್ಲ. ಒಪ್ಪಂದಕ್ಕೆ ರುಜು ಹಾಕುವುದೂ ಅದನ್ನು ಅನುಮೋದಿಸುವುದೂ ಸರಕಾರದ, ಎಂದರೆ ಮಂತ್ರಿಮಂಡಲದ, ಕೆಲಸ. ಸಂವಿಧಾನದ 253ನೆಯ ಅನುಚ್ಛೇದ ಪಾರ್ಲಿಮೆಂಟಿಗೆ ಕೊಟ್ಟದ್ದು ಬೇರೆಯೇ ಒಂದು ಅಧಿಕಾರ: ಹೊರಗೆ ಕೊಟ್ಟ ಮಾತನ್ನು ಒಳಗೆ ನಡೆಸಲು ಬೇಕಾದ ಕಾಯಿದೆಯನ್ನು ಮಾಡುವುದು, ವಿಷಯ ರಾಜ್ಯಗಳಿಗೆ ಸೇರಿದ್ದಾದರೂ ಮಾಡುವುದು. ಆ ಕಾಯಿದೆ ಬರುವವರೆಗೆ ಒಪ್ಪಂದವೆಂಬುದು ದೇಶ ದೇಶಗಳ ನಡುವಣ ಮಾತೇ ಹೊರತು ಪ್ರಜೆಯನ್ನು ಕಟ್ಟುವ ಕಟ್ಟಳೆಯಲ್ಲ. ಕೊಚ್ಚಿಯ ಬ್ಯಾಂಕೊಂದಕ್ಕೆ ಸಾಲ ತೀರಿಸಲಾರದೆ ಸೆರೆಮನೆಯ ಬಾಗಿಲಿಗೆ ಬಂದಿದ್ದವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ಹೇಳಿತು. ಸಾಲಗಾರನನ್ನು ಸೆರೆಗೆ ಹಾಕಬಾರದೆಂಬ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಒಪ್ಪಿದ್ದರೂ, ಅದು ತಾನಾಗಿಯೇ ನಮ್ಮ ನ್ಯಾಯಾಲಯಗಳ ಕಾನೂನಾಗದು ಎಂದಿತು. ಆ ಸಾಲಗಾರರು ಕಡೆಗೆ ಬೇರೆ ಕಾರಣದಿಂದ ಪಾರಾದರು ಎಂಬುದು ಸಮಾಧಾನದ ಸಂಗತಿ.

ಹೀಗಿರಲು, ನಮ್ಮ ರಾಮನ ಕಥೆ ಎಲ್ಲಿಂದ ಮೊದಲಾಯಿತು?

1963ರಲ್ಲಿ ನೈರೋಬಿಯಲ್ಲಿ ಕೂಡಿದ್ದ ಪ್ರಕೃತಿ ಸಂರಕ್ಷಕರ ಸಭೆಯೊಂದು, ಅಪರೂಪದ ಮೃಗಪಕ್ಷಿಗಳ ವ್ಯಾಪಾರಕ್ಕೆ ದೇಶಗಳೆಲ್ಲ ಸೇರಿ ಒಂದು ಕಟ್ಟು ಹಾಕಬೇಕೆಂದು ನಿರ್ಣಯಿಸಿತು. ಹತ್ತು ವರ್ಷದ ಮೇಲೆ, 1973ರ ಮಾರ್ಚ್ 3ರಂದು, ವಾಷಿಂಗ್‌ಟನ್ನಿನಲ್ಲಿ ಒಪ್ಪಂದ ಸಿದ್ಧವಾಯಿತು. ‘ಸೈಟಿಸ್’ ಎಂಬ ಹ್ರಸ್ವನಾಮದಿಂದ ಈಗ ಪ್ರಸಿದ್ಧವಾಗಿರುವುದು ಇದೇ. ಮೊದಲು ಅನುಮೋದಿಸಿದ್ದು ಅಮೆರಿಕ; ಜಾರಿಗೆ ಬಂದದ್ದು 1975ರ ಜುಲೈ 1ರಂದು. ಇದು ಪ್ರಾಣಿಹಿಂಸೆಯನ್ನು ನಿಷೇಧಿಸುವ ಧರ್ಮಶಾಸನವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಡಿಯನ್ನು ದಾಟುವ ವ್ಯಾಪಾರವಷ್ಟೇ ಅದರ ವಿಷಯ. ಅಳಿವಿನ ಅಂಚಿನಲ್ಲಿರುವ ಜೀವಿಗಳಿಗೆ ಒಂದನೆಯ ಪಟ್ಟಿ. ಅವುಗಳ ವಾಣಿಜ್ಯ ವ್ಯಾಪಾರ ಬಹುಮಟ್ಟಿಗೆ ನಿಷಿದ್ಧ. ಈಗಲೇ ಅಳಿಯದಿದ್ದರೂ ಕಟ್ಟು ಹಾಕದಿದ್ದರೆ ಅಳಿದಾವು ಎನ್ನುವಂಥವಕ್ಕೆ ಎರಡನೆಯ ಪಟ್ಟಿ. ಪರವಾನಗಿ ಪಡೆದು ವ್ಯಾಪಾರ. ಮೂರನೆಯದು, ಯಾವುದಾದರೊಂದು ದೇಶ ತನ್ನಲ್ಲಿನ ಜೀವಿಗಾಗಿ ಇತರರ ನೆರವನ್ನು ಕೋರಿ ಸೇರಿಸಿದ್ದು. ಗಿಡಮರಗಳನ್ನೂ ಕೂಡಿಸಿದರೆ ಈ ಪಟ್ಟಿಗಳಲ್ಲಿ ಈಗ 40,000ಕ್ಕೂ ಮಿಕ್ಕಿದ ಜಾತಿಗಳಿವೆ.

ಭಾರತ ಅನುಮೋದನೆಯ ಪತ್ರವನ್ನು ಒಪ್ಪಿಸಿದ್ದು 1976ರ ಜುಲೈ 20ರಂದು. ಒಪ್ಪಿದ ದೇಶಗಳಲ್ಲಿ ನಮ್ಮದು 25ನೆಯದು. ತುರ್ತು ಪರಿಸ್ಥಿತಿಯ ಕಾಲ ಅದು. ಮನುಷ್ಯರ ಹಕ್ಕುಗಳು ಅಮಾನತಿನಲ್ಲಿದ್ದ ತಿಂಗಳಿನಲ್ಲೇ ನಾವು ಲೋಕದ ಮೃಗಪಕ್ಷಿಗಳಿಗೆ ಅಭಯವಚನ ಕೊಟ್ಟೆವೆಂಬುದನ್ನು ನೆನೆದರೆ ನಗಬೇಕೋ ಏನೋ. ಒಪ್ಪಂದ ನಮಗೆ ಅನ್ವಯವಾದದ್ದು ಆ ವರ್ಷದ ಅಕ್ಟೋಬರ್ 18ರಿಂದ. 1981ರಲ್ಲಿ ಒಪ್ಪಂದದ ದೇಶಗಳ ಮೂರನೆಯ ಮಹಾಸಭೆಯನ್ನು ದೆಹಲಿಯಲ್ಲೇ ಕರೆದು ಅತಿಥಿಸತ್ಕಾರವನ್ನೂ ಮಾಡಿದೆವು. ಆದರೆ ಈ ಒಪ್ಪಂದವನ್ನು ನಡೆಸಲೆಂದೇ ಪಾರ್ಲಿಮೆಂಟಿನಿಂದ ಕಾಯಿದೆ ಬಂದದ್ದು ಯಾವಾಗ? 2022ರಲ್ಲಿ. ನಲವತ್ತಾರು ವರ್ಷದ ಮೇಲೆ!

ಆ ನಡುಗಾಲದಲ್ಲಿ ಏನೂ ನಡೆಯಲಿಲ್ಲವೆಂದಲ್ಲ. ಬಂದರು, ವಿಮಾನ ನಿಲ್ದಾಣಗಳಲ್ಲಿ ಸುಂಕದ ಅಧಿಕಾರಿಗಳು 1962ರ ಕಸ್ಟಮ್ಸ್ ಕಾಯಿದೆಯನ್ನೂ ಆಮದು ರಫ್ತಿನ ನೀತಿಯನ್ನೂ ಹಿಡಿದುಕೊಂಡು ಹೇಗೋ ಈ ಕೆಲಸವನ್ನು ನಡೆಸಿದರು. ಆದರೆ ಕಸ್ಟಮ್ಸಿನ ಗೇಟು ದಾಟಿ ಒಳಗೆ ಬಂದ ಹಕ್ಕಿಗೆ ಮುಂದೆ ಹೇಳುವವರು ಕೇಳುವವರು ಇರಲಿಲ್ಲ. ನಮ್ಮ ಯಜಮಾನರು 2004ರಲ್ಲಿ ಮುಂಬಯಿಯ ಹಕ್ಕಿ ವ್ಯಾಪಾರಿಯೊಬ್ಬನಿಂದ ರಾಮನನ್ನು ಕೊಂಡದ್ದು ಇಂಥ ಕಾಲದಲ್ಲಿ. ಅವನು ಯಾವ ಹಡಗಿನಲ್ಲಿ ಬಂದನೋ, ಯಾವ ಬುಟ್ಟಿಯಲ್ಲಿ ಬಂದನೋ ಕೇಳಿದವರಿಲ್ಲ, ರಸೀದಿಯೂ ಇಲ್ಲ.

ಸ್ವದೇಶದ ಪ್ರಾಣಿಗಳ ಮಾತು ಬೇರೆ. ವನ್ಯಜೀವಿ ರಕ್ಷಣೆಯ ಕಾಯಿದೆ ಬಂದದ್ದು ಒಪ್ಪಂದಕ್ಕೂ ಮೊದಲು, 1972ರಲ್ಲಿ. ಅದಕ್ಕಿಂತ ಹಿಂದೆಯೂ ಸಣ್ಣಪುಟ್ಟ ಶಾಸನಗಳಿದ್ದವು. ನಮ್ಮ ಜಿಲ್ಲೆ ಮದರಾಸು ಆಧಿಪತ್ಯದಲ್ಲಿದ್ದಾಗ, 1873ರಷ್ಟು ಹಿಂದೆಯೇ, ಕಾಡಾನೆಗಳ ರಕ್ಷಣೆಗೊಂದು ಕಾಯಿದೆ ಆಗಿತ್ತು. ದೇಶದಲ್ಲಿ ಒಂದೇ ಪ್ರಾಣಿಗಾಗಿ ಮಾಡಿದ ಹಳೆಯ ಶಾಸನಗಳಲ್ಲಿ ಅದೊಂದು. 1972ರಲ್ಲಿ ಮೃಗಪಕ್ಷಿಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿದ್ದುದರಿಂದ ಪಾರ್ಲಿಮೆಂಟು ನೇರವಾಗಿ ಕೈಹಾಕುವಂತಿರಲಿಲ್ಲ. ರಾಜ್ಯಗಳ ಶಾಸನಸಭೆಗಳೇ, ‘ನಮ್ಮ ಪರವಾಗಿ ನೀವೇ ಮಾಡಿ’ ಎಂದು ಗೊತ್ತುವಳಿ ಮಾಡಿ ಕೇಳಿಕೊಳ್ಳಬೇಕಾಗಿತ್ತು. ಹಾಗೆ ಕೇಳಿಕೊಂಡ ಹನ್ನೊಂದು ರಾಜ್ಯಗಳ ಹೆಸರು ಆ ಕಾಯಿದೆಯ ಪೀಠಿಕೆಯಲ್ಲೇ ಇದೆ. ಆಂಧ್ರವಿದೆ, ಬಿಹಾರವಿದೆ, ಮಣಿಪುರವೂ ಇದೆ. ಬಂಡೀಪುರ, ನಾಗರಹೊಳೆಗಳ ಒಡೆಯನಾದ ಮೈಸೂರು ರಾಜ್ಯದ ಹೆಸರಿಲ್ಲ. ನಮ್ಮ ರಾಜ್ಯ ಅದನ್ನು ಅಂಗೀಕರಿಸಿದ್ದು ತರುವಾಯ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ವಿಷಯ ಸಮವರ್ತಿ ಪಟ್ಟಿಗೆ ಹೋದ ಮೇಲೆ ಈ ಕೇಳಿಕೆಯ ಗೊಡವೆ ಉಳಿಯಲಿಲ್ಲ.

ಆ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ಸೇರಿ ನಮ್ಮ ಹಸುರು ಗಿಳಿಯನ್ನು ಪಂಜರದಿಂದ ಬಿಡಿಸಿದವು. 1991ರ ತಿದ್ದುಪಡಿಯ ಮೇಲಂತೂ ಕಾಡುಹಕ್ಕಿಗಳನ್ನು ಹಿಡಿಯುವ, ಮಾರುವ ದಂಧೆಗೆ ಕಾನೂನಿನ ಯಾವ ಆಸರೆಯೂ ಉಳಿಯಲಿಲ್ಲ. ನಾನು ಹುಡುಗನಾಗಿದ್ದಾಗ ಗಿಳಿಮರಿಯೊಂದನ್ನು ಪೊಟರೆಯಿಂದ ತೆಗೆದು, ರೆಕ್ಕೆ ಕತ್ತರಿಸಿ, ಬಿದಿರಿನ ಪಂಜರದಲ್ಲಿಟ್ಟು ಸಾಕಿದ್ದೆ. ಅದು ಒಂದು ಮಾತನ್ನೂ ಕಲಿಯಲಿಲ್ಲ. ಮಳೆಗಾಲದ ಒಂದು ಬೆಳಗಿನಲ್ಲಿ ಸೆಟೆದು ಬಿದ್ದಿತ್ತು. ಅಂದು ಅದು ಅಪರಾಧವೆಂದು ಯಾರಿಗೂ ಅನ್ನಿಸಿರಲಿಲ್ಲ. ನನಗೆ ಅನ್ನಿಸಿದ್ದು ಎಷ್ಟೋ ಕಾಲದ ಮೇಲೆ. ಇಂದು ಅದೇ ಕೆಲಸವನ್ನು ಯಾವ ಹುಡುಗನ ತಂದೆ ಮಾಡಿದರೂ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕು. ಆದರೆ ವಿಚಿತ್ರವನ್ನು ನೋಡಿ: ಬೇಲಿಯ ಮೇಲೆ ಕೂರುವ ನಮ್ಮೂರ ಗಿಳಿಯನ್ನು ಸಾಕಬಾರದು, ಕಾಂಗೋದ ಕಾಡಿನಿಂದ ಬಂದ ಗಿಳಿಯನ್ನು ಕಾಗದಪತ್ರ ಸರಿಯಾಗಿಟ್ಟುಕೊಂಡು ಸಾಕಬಹುದು. ಹೊರಗಿನವರಿಗೆ ಮಣೆ ಹಾಕುವುದು ನಮ್ಮ ಹಳೆಯ ಅಭ್ಯಾಸವೆಂದರೆ ಸಲ್ಲದು. ಸ್ವದೇಶದ ಹಕ್ಕಿಗೆ ಮರಳಲು ಮರವಿದೆ, ಪರದೇಶದ್ದಕ್ಕೆ ಇಲ್ಲ.

ಮನೆಯೊಳಗಿರುವ ವಸ್ತುವಿನ ಮೇಲೆ ಈ ಕಾಯಿದೆಯ ಕಣ್ಣು ಬಿದ್ದರೆ ಏನಾಗುತ್ತದೆಂಬುದನ್ನು ಕರ್ನಾಟಕ 2023ರ ಅಕ್ಟೋಬರಿನಲ್ಲಿ ಕಂಡಿತು. ಟೆಲಿವಿಷನ್ನಿನ ಕಾರ್ಯಕ್ರಮವೊಂದರ ಸ್ಪರ್ಧಿಯೊಬ್ಬರು ಕೊರಳಲ್ಲಿ ಹುಲಿಯುಗುರಿನ ಪದಕ ಧರಿಸಿದ್ದರೆಂದು ಬಂಧನವಾಯಿತು. ಕೂಡಲೆ ನಾಡಿನ ತುಂಬ ಹಳೆಯ ಪೆಟ್ಟಿಗೆಗಳು ತೆರೆದುಕೊಂಡವು. ಚಿನ್ನದ ಕಟ್ಟು ಹಾಕಿಸಿದ ಉಗುರು ಅಜ್ಜನದೆಂದು ಒಬ್ಬರು, ಅಸಲು ಉಗುರೇ ಅಲ್ಲ, ಪ್ಲಾಸ್ಟಿಕ್ಕು ಎಂದು ಇನ್ನೊಬ್ಬರು. ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲೇ ಸರಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ಆ ಸುದ್ದಿ ಅಜ್ಜಿಯ ಪೆಟ್ಟಿಗೆಯವರೆಗೆ ಇಳಿಯಲಿಲ್ಲ. ಗಿಳಿಯ ವಿಷಯದಲ್ಲಿಯೂ ಹೀಗೇ ಆದೀತೆಂಬುದೇ ನನ್ನ ಭಯವಾಗಿತ್ತು.

ಈಗ ಪಾರ್ಲಿಮೆಂಟಿಗೆ ಬರೋಣ. ಒಪ್ಪಂದವನ್ನು ಕಾಯಿದೆಯೊಳಗೆ ತರುವ ಮಸೂದೆ 2021ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡಿತವಾಯಿತು. ಅದು ಸ್ಥಾಯೀ ಸಮಿತಿಗೆ ಹೋಯಿತು. ಆ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಜೈರಾಮ್ ರಮೇಶರು. ಸಮಿತಿಯ ವರದಿ 2022ರ ಏಪ್ರಿಲಿನಲ್ಲಿ ಬಂತು. ಆಗಸ್ಟ್ 2ರಂದು ಲೋಕಸಭೆಯೂ ಡಿಸೆಂಬರ್ 8ರಂದು ರಾಜ್ಯಸಭೆಯೂ ಮಸೂದೆಯನ್ನು ಅಂಗೀಕರಿಸಿದವು. ಎರಡೂ ಕಡೆ ಧ್ವನಿಮತ. ಎರಡು ಸಭೆಗಳ ನಡುವಣ ನವೆಂಬರಿನಲ್ಲಿ, ಪನಾಮದಲ್ಲಿ ಕೂಡಿದ್ದ ಒಪ್ಪಂದದ ಮಹಾಸಭೆಯಲ್ಲಿ, ದಕ್ಷಿಣದ ನದಿಗಳಲ್ಲಿರುವ ಲೀತನ ಮೃದುಚಿಪ್ಪಿನ ಆಮೆಯನ್ನು ಒಂದನೆಯ ಪಟ್ಟಿಗೆ ಏರಿಸುವಂತೆ ಭಾರತವೇ ಕೇಳಿ ಪಡೆದುಕೊಂಡಿತ್ತು. ತಿದ್ದುಪಡಿ ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ. ಹಳೆಯ ಆರು ಪರಿಶಿಷ್ಟಗಳು ನಾಲ್ಕಾದವು. ನಾಲ್ಕನೆಯದು ಈ ಒಪ್ಪಂದದ ಪಟ್ಟಿಗಳಿಗೇ ಮೀಸಲು. ನಮ್ಮ ರಾಮ ಇರುವುದು ಅಲ್ಲಿ.

ಅವನು ಅಲ್ಲಿಗೆ ಸೇರಿದ ಬಗೆಯನ್ನು ಅಕ್ಕನಿಗೆ ವಿವರಿಸಿದೆ. 2004ರಲ್ಲಿ ಅವನ ಜಾತಿ ಎರಡನೆಯ ಪಟ್ಟಿಯಲ್ಲಿತ್ತು. 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕೂಡಿದ ಸಭೆ ಒಂದನೆಯ ಪಟ್ಟಿಗೆ ಏರಿಸಿತು. ಇವನು ಮಾತ್ರ ಕಿರಿಮಂಜೇಶ್ವರದ ಜಗಲಿಯಲ್ಲಿ ಪೇರಳೆ ಹಣ್ಣು ಕೊರೆಯುತ್ತ ಕುಳಿತಿದ್ದ. ಹುಲಿ, ಆನೆಗಳ ಪಂಕ್ತಿಯಲ್ಲಿ ತನಗೂ ಎಲೆ ಹಾಕಿದ್ದಾರೆಂಬುದು ಅವನಿಗೆ ತಿಳಿಯದು. ಏರಿಸಿದ್ದಕ್ಕೆ ಕಾರಣ ನಮ್ಮಂಥವರ ಜಗಲಿಗಳೇ. ಮನುಷ್ಯನ ದನಿಯನ್ನು ಇಷ್ಟು ನಿಖರವಾಗಿ ಮರಳಿ ಕೊಡುವ ಹಕ್ಕಿ ಮತ್ತೊಂದಿಲ್ಲವೆಂಬ ಖ್ಯಾತಿಯೇ ಅದಕ್ಕೆ ಮುಳುವಾಯಿತು. 1975ರಿಂದ 2013ರವರೆಗೆ ಕಾಡಿನಿಂದ ಹಿಡಿದು ದೇಶಾಂತರಕ್ಕೆ ಸಾಗಿಸಿದ ಬೂದು ಗಿಳಿಗಳ ಸಂಖ್ಯೆ, ಲೆಕ್ಕಕ್ಕೆ ಸಿಕ್ಕಿದ್ದೇ, 12 ಲಕ್ಷವನ್ನು ಮೀರುತ್ತದೆ. ದಾರಿಯಲ್ಲಿ ಸತ್ತವು ಈ ಲೆಕ್ಕದಲ್ಲಿಲ್ಲ. ಘಾನಾ ದೇಶದಲ್ಲಿ 1992ರಿಂದೀಚೆಗೆ ನೂರಕ್ಕೆ ತೊಂಬತ್ತರಿಂದ ತೊಂಬತ್ತೊಂಬತ್ತರಷ್ಟು ನಾಶವಾದವೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ.

ಅಕ್ಕ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಲ್ಲಿ ಇದ್ರ ಅಬ್ಬಿ ಅಪ್ಪ ಇದ್ದಿಪ್ಪುದಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಪ್ಪಂದ, ಕಾಯಿದೆ ಎಂದರೆ ದೂರದ ಗಿಳಿಯದಷ್ಟೇ ಅಲ್ಲ, ನಮ್ಮ ಕರಾವಳಿಯದೂ ಹೌದು. ನಮ್ಮೂರ ಕೊಡೇರಿಯ ಬಂದರಿನಲ್ಲಿ ನಿಂತು ನೋಡಿದರೆ ಹೊಳೆ ಕಡಲನ್ನು ಸೇರುವಲ್ಲಿ ದೋಣಿಗಳು ಒಳಗೆ ಬರುತ್ತಿರುತ್ತವೆ. ಬಲೆಯಲ್ಲಿ ಒಮ್ಮೊಮ್ಮೆ ಕಡಲಾಮೆ ಸಿಕ್ಕುತ್ತದೆ. ಕೂರ್ಮಾವತಾರವೆಂದು ಕೈಮುಗಿದು, ಬಲೆ ಹರಿದರೂ ಚಿಂತೆಯಿಲ್ಲವೆಂದು ಬಿಡಿಸಿ ನೀರಿಗೆ ಬಿಟ್ಟ ಮೀನುಗಾರರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುಂದಾಪುರದ ಕೋಡಿಯ ಮರಳಿನಲ್ಲಿ ಮೊಟ್ಟೆಯಿಡಲು ಬರುವ ಆಮೆಗಳ ಗೂಡುಗಳಿಗೆ ಬೇಲಿ ಕಟ್ಟಿ, ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಕಡಲಾಮೆಗಳೂ ಒಪ್ಪಂದದ ಒಂದನೆಯ ಪಟ್ಟಿಯವೇ. ಆದರೆ ಇದೇ ಆಮೆಯ ಕಾರಣದಿಂದ ಭಾರತ ಅಮೆರಿಕದ ಮೇಲೆ ಅಂತಾರಾಷ್ಟ್ರೀಯ ವ್ಯಾಜ್ಯ ಹೂಡಿತ್ತೆಂಬುದು ಎಷ್ಟು ಮಂದಿಗೆ ಗೊತ್ತು? ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಕಿಂಡಿಯಿಲ್ಲದೆ ಹಿಡಿದ ಸಿಗಡಿಯನ್ನು ಕೊಳ್ಳುವುದಿಲ್ಲವೆಂದು ಅಮೆರಿಕ 1989ರಲ್ಲಿ ಶಾಸನ ಮಾಡಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತವೂ ಪಾಕಿಸ್ತಾನವೂ ಒಂದೇ ವಕಾಲತ್ತಿನಲ್ಲಿ ನಿಂತದ್ದು ಆಮೆಯ ಮಹಿಮೆಯೇ ಸರಿ. 1998ರ ತೀರ್ಪಿನಲ್ಲಿ, ಪ್ರಾಣಿಯನ್ನು ಕಾಯುವ ಉದ್ದೇಶ ಸರಿ, ದೇಶ ದೇಶಗಳ ನಡುವೆ ಭೇದ ಮಾಡಿದ ರೀತಿ ತಪ್ಪು ಎಂದಾಯಿತು. ಅಮೆರಿಕ ರೀತಿಯನ್ನು ತಿದ್ದಿಕೊಂಡಿತು. 2018ರಲ್ಲಿ ಭಾರತದ ಕಡಲ ಸಿಗಡಿಗೆ ಬಾಗಿಲನ್ನೂ ಮುಚ್ಚಿತು. ಕೈಮುಗಿದು ಆಮೆಯನ್ನು ಬಿಟ್ಟವನಿಗೂ ಆ ಬಾಗಿಲು ತೆರೆಯುವುದಿಲ್ಲ. ಬಲೆಯಲ್ಲಿ ಕಿಂಡಿಯಿದೆಯೋ ಇಲ್ಲವೋ ಎಂಬುದಷ್ಟೇ ಲೆಕ್ಕ.

ಆನೆಯ ವಿಚಾರದಲ್ಲಿ ಪಾರ್ಲಿಮೆಂಟು ಇಷ್ಟು ಬಿಗಿಯಾಗಿ ನಿಲ್ಲಲಿಲ್ಲ. ಏಷ್ಯದ ಆನೆ ಒಂದನೆಯ ಪಟ್ಟಿಯದು, ನಮ್ಮ ಒಂದನೆಯ ಪರಿಶಿಷ್ಟದ್ದೂ ಹೌದು. ಆದರೆ ದೇವಸ್ಥಾನಗಳಲ್ಲಿ ಆನೆ ಬೇಕು. ನಮಗೆ ಹತ್ತಿರದ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಸನ್ನಿಧಿಯ ಇಂದಿರಾ ಎಂಬ ಹೆಣ್ಣಾನೆ 2019ರ ಆಗಸ್ಟಿನಲ್ಲಿ ತೀರಿಕೊಂಡಾಗ ಆಪ್ತರೊಬ್ಬರು ಹೋದಂತೆ ಜನ ಮರುಗಿದರು. ಆ ಮರುಕ ಸುಳ್ಳಲ್ಲ. 2022ರ ತಿದ್ದುಪಡಿ, ಒಡೆತನದ ಪತ್ರವಿರುವವರು ಸಾಕಾನೆಯನ್ನು ‘ಧಾರ್ಮಿಕ ಅಥವಾ ಇನ್ನಾವುದೇ ಉದ್ದೇಶಕ್ಕಾಗಿ’ ಕೈಬದಲಿಸಬಹುದು, ಸಾಗಿಸಬಹುದು ಎಂದಿತು. ಷರತ್ತುಗಳ ನಿಯಮ 2024ರ ಮಾರ್ಚಿನಲ್ಲಿ ಬಂದವು. ‘ಇನ್ನಾವುದೇ ಉದ್ದೇಶ’ ಎಂಬ ಮಾತಿಗೆ ಸಭೆಯ ಒಳಗೂ ಹೊರಗೂ ಆಕ್ಷೇಪಣೆ ಎದ್ದಿತು, ಏಳಬೇಕಾದದ್ದೇ. ಧಾರ್ಮಿಕವೆಂದರೆ ಇಂಥದೆಂದು ಹೇಳಬಹುದು. ಇನ್ನಾವುದೇ ಎಂಬುದಕ್ಕೆ ಎಲ್ಲೆ ಎಲ್ಲಿ? ಅಕ್ಕನ ಗಿಳಿಗೆ ಅರ್ಜಿಯ ಇಷ್ಟು ಕಲಂ, ಆನೆಯ ಯಜಮಾನರಿಗೆ ಎರಡು ಸಡಿಲ ಶಬ್ದ. ವ್ಯಾಕರಣ ಕಲಿಸಿದವನ ಕಣ್ಣಿಗೆ ಇದು ಕಾಣದೆ ಇರಲಾರದು.

ಇರಲಿ. ಗಡುವಿಗೆ ನಾಲ್ಕು ದಿನವಿರುವಾಗ ನಾನೂ ಅಕ್ಕನೂ ನಾಗೂರಿನ ಕಂಪ್ಯೂಟರ್ ಅಂಗಡಿಗೆ ಹೋದೆವು. ಪಂಜರದ ಬಾಗಿಲನ್ನು ತೆರೆದುಬಿಡುವ ಸಲಹೆಯನ್ನು ನಾನು ಮೊದಲೇ ತಳ್ಳಿಹಾಕಿದ್ದೆ. ಇಪ್ಪತ್ತು ವರ್ಷ ಹಾರದ ಹಕ್ಕಿ ನಮ್ಮ ಕಾಗೆಗಳ ನಡುವೆ ಅರ್ಧ ಗಳಿಗೆ ಬಾಳದು. ಹೊಸ ಕಾಯಿದೆಯಲ್ಲಿ ಪ್ರಾಣಿಯನ್ನು ಇಲಾಖೆಗೆ ತಾನಾಗಿ ಒಪ್ಪಿಸುವ ದಾರಿಯೂ ಇದೆಯೆಂದು ಹೇಳಿದಾಗ ಅಕ್ಕ ನನ್ನ ಮುಖವನ್ನೇ ನೋಡಿದರು; ನಾನು ಆ ಮಾತನ್ನು ಮುಂದುವರಿಸಲಿಲ್ಲ.

ಅಂಗಡಿಯ ಹುಡುಗ ಒಂದೊಂದೇ ಕಲಮನ್ನು ಓದಿ ಕೇಳುತ್ತ ಬಂದ. ಜಾತಿ, ವಯಸ್ಸು, ಗುರುತು. ಗಿಳಿ ದೊರೆತದ್ದು ಹೇಗೆ ಎಂಬಲ್ಲಿಗೆ ಬಂದಾಗ ನಾನು ತಡೆದೆ. ರಸೀದಿಯಿಲ್ಲ, ಆಮದಿನ ಪತ್ರವಿಲ್ಲ. ‘ನೆಂಟರ ಉಡುಗೊರೆ’ ಎಂದು ಬರೆಸಿದರೆ ಯಾರಿಗೆ ನಷ್ಟ? ಹಾಗೆಂದು ಅಕ್ಕನ ಕಿವಿಯಲ್ಲಿ ಹೇಳಿದೆ.

“ಉಡುಗೊರೆ ಎಂತಕ್ಕೆ ಮಾಸ್ಟ್ರೆ? ಅವ್ರ್ ದುಡ್ಡ್ ಕೊಟ್ಟೇ ತಂದದ್ದ್. ಎರಡ್ ತಿಂಗ್ಳ್ ಗಲ್ಲೆ ದುಡ್ಡ್. ಹಾಂಗೇ ಬರೀಲಿ,” ಎಂದರು ಅಕ್ಕ, ಹುಡುಗನಿಗೆ ಕೇಳುವಂತೆ.

ಪೌರನೀತಿಯ ಮೇಷ್ಟರು ಬಾಯಿ ಮುಚ್ಚಿಕೊಂಡರು. ‘2004ನೆಯ ಇಸವಿ, ಮುಂಬಯಿಯಲ್ಲಿ ಖರೀದಿ, ರಸೀದಿ ಇಲ್ಲ’ ಎಂದು ಹುಡುಗ ಬೆರಳಚ್ಚಿಸಿದ.

“ಗಂಡೋ ಹೆಣ್ಣೋ?”

“ರಾಮ ಅಂದ್ಮೇಲೆ ಗಂಡೇ ಅಲ್ದಾ?” ಎಂದರು ಅಕ್ಕ. ಬೂದು ಗಿಳಿಯಲ್ಲಿ ಗಂಡು ಹೆಣ್ಣಿನ ಭೇದ ನೋಟಕ್ಕೆ ತಿಳಿಯದು. ಗರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಬೇಕು. ನಾನು ಅಲ್ಲಿ ನಿಂತೇ ಇದನ್ನು ಹೇಳಬೇಕಾಯಿತು. ಇಪ್ಪತ್ತು ವರ್ಷದ ರಾಮ ಸೀತೆಯೂ ಆಗಿರಬಹುದೆಂಬುದನ್ನು ಕೇಳಿ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು, ಯಜಮಾನರು ಹೋದಮೇಲೆ ನಾನು ನೋಡಿದ ಅವರ ಮೊದಲ ನಗು. ‘ತಿಳಿಯದು’ ಎಂದು ಬರೆಸಿದೆವು.

ಹಿಂದಿರುಗುವಾಗ, ಗಿಳಿ ಸತ್ತರೆ ತಿಳಿಸಬೇಕೆಂಬ ನಿಯಮವನ್ನು ಅಕ್ಕ ನೆನಪು ಮಾಡಿಕೊಂಡರು. “ನಾನೇ ಮೊದ್ಲು ಸತ್ರೆ?” ಎಂದರು. ಈ ಜಾತಿಯ ಗಿಳಿಗಳು ಸಾಕಿದಲ್ಲಿ ನಲವತ್ತು, ಐವತ್ತು ವರ್ಷ ಬದುಕುವುದುಂಟು. ಅಕ್ಕನಿಗೆ ಎಪ್ಪತ್ತನಾಲ್ಕು, ನನಗೆ ಎಪ್ಪತ್ತೊಂದು. ಗಿಳಿ ಇನ್ನೊಬ್ಬರ ಕೈಗೆ ಹೋದರೆ ಅದನ್ನೂ ಬರೆಸಬೇಕು, ಆ ಇನ್ನೊಬ್ಬರು ಯಾರೆಂದು ಈಗಲೇ ಯೋಚಿಸಿಡುವುದು ಒಳ್ಳೆಯದು ಎಂದೆ. ಅವರು ತಲೆಯಾಡಿಸಿದರು, ಹೆಸರು ಹೇಳಲಿಲ್ಲ.

ಭಾರತ ಈಗ ಈ ಒಪ್ಪಂದವನ್ನು ನಡೆಸಲು ತಕ್ಕ ಕಾಯಿದೆಯುಳ್ಳ ದೇಶಗಳ ಮೊದಲ ವರ್ಗಕ್ಕೆ ಸೇರಿದೆಯೆಂದು 2023ರ ನವೆಂಬರಿನಲ್ಲಿ ಜಿನೀವಾದಲ್ಲಿ ಕೂಡಿದ ಸಭೆ ಒಪ್ಪಿತು. ಅದಕ್ಕೆ ಸಾಕ್ಷಿಯಾಗಿ ನಮ್ಮ ಅರ್ಜಿಯ ಸಂಖ್ಯೆಯುಳ್ಳ ಚೀಟಿ ಅಕ್ಕನ ಮನೆಯಲ್ಲಿ, ರೇಷನ್ ಕಾರ್ಡಿನ ಜೊತೆಗೆ, ಯಜಮಾನರ ಭಾವಚಿತ್ರದ ಹಿಂದೆ ಇದೆ. ನಾವು ಅಂಗಳವನ್ನು ಹೊಕ್ಕಾಗ ಮೂರು ಗಂಟೆಯಾಗಿತ್ತು. ಜಗಲಿಯಿಂದ, “ದೋ ಕಟಿಂಗ್!” ಎಂಬ ಕೂಗು ಬಂತು. ಅಕ್ಕ ಚಪ್ಪಲಿಯನ್ನು ಕಳಚುತ್ತ, “ಬಂತು, ಬಂತು” ಎಂದು ಒಳಗೆ ಹೋಗಿ, ಆ ದಿನ ನಿಜವಾಗಿಯೂ ಎರಡು ಲೋಟ ಚಹಾ ಮಾಡಿ ತಂದರು.